ಆರೋಗ್ಯ ಯೋಜನೆಯ ಅಳತೆಗೋಲು

ಸರ್ಕಾರವು ಆಸ್ಪತ್ರೆಗಳನ್ನು ಯಾವ ಲೆಕ್ಕದಿಂದ ಹಂಚಬೇಕು? 1946ರ ಭೋರ್ ಸಮಿತಿಯು ಮೊದಲ ಹಂತದಲ್ಲಿ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂದು ಸೂಚಿಸಿತು. ಇಂದಿನ ನಿಯಮದಂತೆ ಗ್ರಾಮಾಂತರದಲ್ಲಿ ಬಯಲುಸೀಮೆಗೆ 30,000 ಜನರಿಗೊಂದು, ಗುಡ್ಡಗಾಡಿಗೆ 20,000 ಜನರಿಗೊಂದು. ಈ ಭೇದವೇಕೆ? ಬಯಲಿನಲ್ಲಿ ಊರುಗಳು ಒತ್ತಾಗಿರುವುವು. ಮಲೆನಾಡಿನಲ್ಲಾದರೋ ಮನೆಗೂ ಮನೆಗೂ ನಡುವೆ ಕಾಡು, ಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಮೂರು ಮೈಲಿಯೂ ಮೂವತ್ತಾಗುವುದು. ನಗರವಾಸಿಗಳಾದ ನಾವು ಕಟ್ಟಡಗಳನ್ನೆಣಿಸಿ ತೃಪ್ತರಾಗುವೆವು. ಹೆರಿಗೆಯ ನೋವಿನಲ್ಲಿರುವ ತಾಯಿಗಾದರೋ ಬೇಕಾದುದು ಹೊತ್ತಿಗೊದಗುವ ದಾದಿ, ವೈದ್ಯ. ಆದುದರಿಂದ ಯೋಜನೆಯನ್ನು ರಚಿಸುವವರು ತಲೆಗಳನ್ನೆಣಿಸಿದರೆ ಸಾಲದು, ದಾರಿಯನ್ನೂ ಅಳೆಯಬೇಕು. ಅಳೆದರೇ ಎಂದು ನಾವೂ ಕೇಳಬೇಕು. ಕೈಗೆಟುಕದ ಆಸ್ಪತ್ರೆಯು ಕಟ್ಟಿಯೂ ಕಟ್ಟದಂತೆಯೇ ಸರಿ.