ಉತ್ತರಿಸದ ನೋಟಿಸು, ನಿಂತ ಖಾತೆ

2025ರ ಜುಲೈನಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ಜಿಎಸ್‌ಟಿ ನೋಟಿಸು ರಾಜ್ಯವೆಲ್ಲ ಸುದ್ದಿಯಾಯಿತು. ನಾಲ್ಕು ವರ್ಷಗಳಲ್ಲಿ ಅವರಿಗೆ ಡಿಜಿಟಲ್ ಪಾವತಿಯಿಂದ ಬಂದ ಹಣ 1.63 ಕೋಟಿ ರೂಪಾಯಿ. ವಾಣಿಜ್ಯ ತೆರಿಗೆ ಇಲಾಖೆ ಕೇಳಿದ್ದು ಸುಮಾರು 29 ಲಕ್ಷ. ಭಾಗಿಸಿ ನೋಡಿದರೆ ಶೇ 18ರ ಆಸುಪಾಸಿಗೆ ಬರುತ್ತದೆ. ಆದರೆ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಇಲಾಖೆಯ ಕಂಪ್ಯೂಟರಿಗೆ ಮೊತ್ತ ಕಾಣುತ್ತದೆ, ಮಾರಿದ್ದು ಬದನೆಕಾಯಿಯೋ ಬಕೆಟ್ಟೋ ಎಂಬುದು ಕಾಣುವುದಿಲ್ಲ. ಅದನ್ನು ಹೇಳಬೇಕಾದವನು ವ್ಯಾಪಾರಿ. ಅವನು ಹೇಳದಿದ್ದರೆ ಮೊತ್ತವೇ ಸಾಕ್ಷಿಯಾಗಿ ಉಳಿಯುತ್ತದೆ.

ಆ ತಿಂಗಳು ಇಂಥ ನೋಟಿಸು ಪಡೆದ ಸಣ್ಣ ವ್ಯಾಪಾರಿಗಳು ರಾಜ್ಯದಲ್ಲಿ ಸಾವಿರಾರು. ಬೆಂಗಳೂರಿನ ಬೇಕರಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಿದ್ದವು, ಬಂದ್ ಮಾತು ಎದ್ದಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಗೆ ಕೈ ಹಾಕುವುದಿಲ್ಲ, ಆದರೆ ತೆರಿಗೆ ವ್ಯಾಪ್ತಿಗೆ ಬರುವವರು ನೋಂದಣಿ ಮಾಡಿಸಲೇಬೇಕು ಎಂದರು. ಗದ್ದಲ ಇಳಿಯಿತು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಪೇಟೆಗಳಲ್ಲಿ ‘ಮುಗೀತು ಬಿಡ್ರಿ’ ಎಂಬ ನಿರಾಳವಿದ್ದರೆ ಅದು ಅಪಾಯದ ನಿರಾಳ. ಸಿಕ್ಕಿದ್ದು ಹಿಂದಿನ ಲೆಕ್ಕಕ್ಕೆ ರಿಯಾಯಿತಿ. ಮುಂದಿನ ಲೆಕ್ಕಕ್ಕೆ ಕಾಯ್ದೆ ಹಾಗೆಯೇ ಇದೆ, ಕ್ಯೂಆರ್ ಕೋಡಿನ ದಾಖಲೆ ದಿನದಿನವೂ ಬೆಳೆಯುತ್ತಿದೆ.

ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಕೇಳಲಿಕ್ಕೆ ದೊಡ್ಡ ಮೊತ್ತ. 365ರಿಂದ ಭಾಗಿಸಿದರೆ ಕಿರಾಣಿ ಅಂಗಡಿಗೆ ದಿನಕ್ಕೆ ಸುಮಾರು 11 ಸಾವಿರ, ಖಾನಾವಳಿಗೆ ದಿನಕ್ಕೆ ಸುಮಾರು 5,500. ಖಾನಾವಳಿಯ ಊಟ ಕಾಯ್ದೆಯ ಕಣ್ಣಿಗೆ ಸೇವೆ. ಅದಕ್ಕೇ ಅದರ ಮಿತಿ ಅರ್ಧ. ಬಸ್ ನಿಲ್ದಾಣದ ಎದುರಿನ ರೊಟ್ಟಿ ಊಟದ ಖಾನಾವಳಿ, ಗೊಬ್ಬರ-ಬೀಜದ ಅಂಗಡಿ, ಮೊಬೈಲ್ ಅಂಗಡಿ, ಗಜೇಂದ್ರಗಡದ ಸೀರೆ ವ್ಯಾಪಾರ ಇವೆಲ್ಲ ಈ ಗೆರೆಯ ಆಚೀಚೆ ಇರುವಂಥವೇ. ಲಾಭ ಎಷ್ಟು ಎಂಬುದನ್ನು ಈ ಗೆರೆ ಕೇಳುವುದಿಲ್ಲ, ಗಲ್ಲಾಕ್ಕೆ ಬಿದ್ದಿದ್ದೆಷ್ಟು ಎಂಬುದನ್ನಷ್ಟೇ ಕೇಳುತ್ತದೆ. ತೆರಿಗೆ ಇಲ್ಲದ ಸರಕಿನ ಮಾರಾಟವೂ ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ಬರೀ ಕಾಯಿಪಲ್ಲೆ ಮಾರುವವನಿಗೆ ನೋಂದಣಿ ಬೇಡ. ಅದರ ಪಕ್ಕದಲ್ಲೇ ಬಿಸ್ಕತ್ತು, ಸಾಬೂನು ಇಟ್ಟವನಿಗೆ ಎರಡರ ಮಾರಾಟವೂ ಕೂಡಿ ಮಿತಿ ಲೆಕ್ಕವಾಗುತ್ತದೆ. ತನ್ನ ಹೊಲದ ಬೆಳೆ ಮಾರುವ ರೈತ ಇದರಿಂದ ಹೊರಗಿದ್ದಾನೆ.

ಯುಪಿಐ ಬಿಟ್ಟು ನಗದಿಗೆ ಹೋದರೆ ಪಾರಾಗಬಹುದೇ? ಇಲ್ಲ. ನಗದು ಮಾರಾಟವೂ ವಹಿವಾಟೇ. ಈಗಾಗಲೇ ದಾಖಲಾದ ಪಾವತಿ ಅಳಿಸುವುದಿಲ್ಲ. ವಹಿವಾಟು ಒಮ್ಮೆಲೇ ಕುಸಿದಂತೆ ಕಂಡರೆ ಅದೇ ಸಂಶಯಕ್ಕೆ ದಾರಿ.

ಖಾತೆಯ ಮೇಲೆ ಇಲಾಖೆ ಕೈ ಇಡುವುದು ಒಂದೇ ದಿನದ ಕೆಲಸವಲ್ಲ, ಅದಕ್ಕೆ ಮೆಟ್ಟಿಲುಗಳಿವೆ. ಮೊದಲು ನೋಟಿಸು. ನೋಂದಣಿ ಇಲ್ಲದವರಿಗಾದರೆ ಉತ್ತರಕ್ಕೆ 15 ದಿನ. ಉತ್ತರ ಬಾರದಿದ್ದರೆ ಜಿಎಸ್‌ಟಿ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಅಧಿಕಾರಿ ತನ್ನ ಕೈಗೆ ಸಿಕ್ಕ ಮಾಹಿತಿಯಿಂದಲೇ ತೆರಿಗೆ ನಿರ್ಧರಿಸಿ ಆದೇಶ ಮಾಡಬಹುದು. ಹಾವೇರಿಯ ಲೆಕ್ಕದಂತೆ ಎಲ್ಲಕ್ಕೂ ಒಂದೇ ದರ ಬೀಳುವ ಭಯ ಇಲ್ಲಿದೆ. ಆದೇಶ ತಲುಪಿ ಮೂರು ತಿಂಗಳು ಕಳೆದರೂ ಹಣ ಕಟ್ಟದಿದ್ದರೆ 79ನೇ ಸೆಕ್ಷನ್ನಿನ ವಸೂಲಿ ಶುರು. ಡಿಆರ್‌ಸಿ-13 ಎಂಬ ನಮೂನೆಯ ಪತ್ರ ಹೋಗುವುದು ವ್ಯಾಪಾರಿಗಲ್ಲ, ಅವನ ಬ್ಯಾಂಕಿಗೆ. ಬ್ಯಾಂಕು ಆ ಮೊತ್ತವನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಅಷ್ಟೂ ಸಾಲದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲಿಕ್ಕೂ ಅದೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಎಂದು ಸುಮ್ಮನಿರುವಂತಿಲ್ಲ. ಹೆಸರು, ಪ್ಯಾನ್ ಒಂದೇ ಆಗಿದ್ದರೆ ಪತ್ರ ಅಲ್ಲಿಗೂ ಹೋಗಬಹುದು.

ಈ ಮೂರು ತಿಂಗಳ ಬಿಡುವು ಎಲ್ಲರಿಗೂ ಇಲ್ಲ ಎಂಬುದು ಪೇಟೆಯಲ್ಲಿ ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ. ನೋಂದಣಿ ಮಾಡಿಸಿ, ರಿಟರ್ನಿನಲ್ಲಿ ಇಷ್ಟು ತೆರಿಗೆ ಎಂದು ತಾನೇ ಬರೆದು, ಕಟ್ಟದೆ ಬಿಟ್ಟವನ ಮೇಲೆ ಹೊಸ ಆದೇಶವಿಲ್ಲದೆ ನೇರ ವಸೂಲಿ ನಡೆಯಬಹುದು. ಆ ಬಾಕಿಗೆ ಕಂತಿನ ಸೌಲಭ್ಯವೂ ಇಲ್ಲ. ರಿಟರ್ನನ್ನೇ ಹಾಕದವರಿಗೆ ನೋಟಿಸಿನ ಬಳಿಕ 15 ದಿನ ಕೊಟ್ಟು, ಆಮೇಲೆ ಅಂದಾಜು ಆದೇಶ ಮಾಡುತ್ತಾರೆ. ಆದೇಶ ಬಂದ 60 ದಿನದೊಳಗೆ ಬಾಕಿ ರಿಟರ್ನನ್ನು ಬಡ್ಡಿ, ವಿಳಂಬ ಶುಲ್ಕದ ಸಮೇತ ಸಲ್ಲಿಸಿದರೆ ಆ ಆದೇಶ ತಾನೇ ಬಿದ್ದುಹೋಗುತ್ತದೆ. ಈ ಒಂದು ಸಾಲು ಗೊತ್ತಿದ್ದರೆ ಎಷ್ಟೋ ಖಾತೆಗಳು ಉಳಿಯುತ್ತವೆ.

ತನಿಖೆ, ಪರಿಶೀಲನೆ ನಡೆಯುವಾಗ ಆದೇಶಕ್ಕೂ ಮುಂಚೆಯೇ ಖಾತೆ ನಿಲ್ಲಿಸುವ ಅಧಿಕಾರವನ್ನು 83ನೇ ಸೆಕ್ಷನ್ ಆಯುಕ್ತರಿಗೆ ಕೊಟ್ಟಿದೆ. ಇದು ಅತಿ ಕಠೋರ ಅಧಿಕಾರ, ಗಟ್ಟಿ ಆಧಾರವಿಲ್ಲದೆ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ರಾಧಾಕೃಷ್ಣ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ. ಇಂಥ ತಡೆಯ ಆಯಸ್ಸು ಒಂದು ವರ್ಷ. ಅದರ ವಿರುದ್ಧ ಆಕ್ಷೇಪಣೆ ಸಲ್ಲಿಸಲು ನಿಯಮದಲ್ಲಿ ಅವಕಾಶವಿದೆ. ಅದನ್ನು ಬಿಟ್ಟು ಬ್ಯಾಂಕಿನವರ ಹತ್ತಿರ ಜಗಳಾಡುತ್ತ ದಿನ ಕಳೆದವನಿಗೆ ಮುಂದಿನ ದಾರಿ ಕಷ್ಟ.

ನರಗುಂದಕ್ಕೆ ಸರ್ಕಾರದ ವಸೂಲಿ ಹೊಸದಲ್ಲ. ಮಲಪ್ರಭಾ ಕಾಲುವೆಯ ನೀರು ಎಷ್ಟೋ ಹೊಲಕ್ಕೆ ಸರಿಯಾಗಿ ಮುಟ್ಟುವ ಮುನ್ನವೇ ನೀರಿನ ಕರ ಮತ್ತು ಬೆಟರ್‌ಮೆಂಟ್ ಲೆವಿಯ ಬಾಕಿ ರೈತನ ತಲೆಯ ಮೇಲೆ ಬಂದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ನಡೆಯಿತು, ಜೀವಗಳು ಹೋದವು. ಇಂದಿಗೂ ಆ ದಿನ ರೈತ ಹುತಾತ್ಮರ ದಿನ. ಆಗಿನ ವಸೂಲಿ ಕಣ್ಣಿಗೆ ಕಾಣುವಂಥದ್ದು: ಅಧಿಕಾರಿ ಊರಿಗೆ ಬರಬೇಕಿತ್ತು, ಹತ್ತು ಜನ ಕೂಡಿ ತಡೆಯಬಹುದಿತ್ತು. 2025ರಲ್ಲಿ ಸರ್ಕಾರ ಹಿಂದೆ ಸರಿದದ್ದೂ ಸಾವಿರಾರು ಜನಕ್ಕೆ ಒಟ್ಟಿಗೇ ನೋಟಿಸು ಹೋಗಿ, ಎಲ್ಲರೂ ಒಟ್ಟಿಗೇ ದನಿ ಎತ್ತಿದ್ದರಿಂದ. ಮುಂದೆ ಆದೇಶಗಳು ಒಬ್ಬೊಬ್ಬರ ಹೆಸರಿಗೆ, ಬೇರೆ ಬೇರೆ ತಾರೀಖಿಗೆ ಹೊರಟರೆ ಬಂದ್ ಮಾಡಲಿಕ್ಕೆ ಜೊತೆ ಯಾರು? ಶೇಂಗಾ ಖರೀದಿಯ ಹಂಗಾಮಿನಲ್ಲಿ ಖಾತೆ ನಿಂತ ವ್ಯಾಪಾರಿ ಬ್ಯಾಂಕಿನ ಕೌಂಟರಿನ ಮುಂದೆ ಒಬ್ಬನೇ ಇರುತ್ತಾನೆ. ಅವನು ಹಣ ಕೊಡಬೇಕಾದ ರೈತ, ಹಮಾಲ, ಲಾರಿಯವನಿಗೂ ಅದೇ ದಿನ ಪೆಟ್ಟು.

ಹಾಗಾಗಿ ಮಾಡಬೇಕಾದ್ದನ್ನು ನೋಟಿಸಿಗೂ ಮುಂಚೆ ಮಾಡಬೇಕು. ಮೊದಲು, ಏಪ್ರಿಲ್‌ನಿಂದ ಈವರೆಗಿನ ಮಾರಾಟವನ್ನು ನಗದು, ಯುಪಿಐ, ಉದ್ರಿ ಎಲ್ಲ ಕೂಡಿಸಿ ಬರೆದಿಡಿ. ಅದೇ ಕ್ಯೂಆರ್‌ಗೆ ಬಂದ ಕೈಗಡ, ಚೀಟಿ ಹಣ, ಮಗ ಊರಿಂದ ಕಳಿಸಿದ ದುಡ್ಡು ಇವನ್ನು ಬೇರೆ ಗುರುತು ಮಾಡಿ. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಇಟ್ಟರೆ ಈ ಗೋಜಲೇ ಇರುವುದಿಲ್ಲ. ತೆರಿಗೆ ಇಲ್ಲದ ಸರಕಿನ ಖರೀದಿ ಚೀಟಿಗಳನ್ನು ಎಸೆಯಬೇಡಿ, ಹಾವೇರಿಯಂಥ ಲೆಕ್ಕಕ್ಕೆ ಉತ್ತರ ಅವೇ.

ಎರಡನೆಯದು, ಮಿತಿ ದಾಟುವ ಲಕ್ಷಣ ಕಂಡರೆ ನೋಂದಣಿ ಮಾಡಿಸಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದಕ್ಕೆ ಶುಲ್ಕವಿಲ್ಲ. 1.5 ಕೋಟಿಯವರೆಗಿನ ಸರಕು ವ್ಯಾಪಾರಿಗೆ ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಯಲ್ಲಿ ಶೇ 1, ಖಾನಾವಳಿಗೆ ಶೇ 5. ವರ್ಷಕ್ಕೆ 50 ಲಕ್ಷದ ಅಂಗಡಿಗೆ ಶೇ 1 ಎಂದರೆ 50 ಸಾವಿರ. ನೋಂದಣಿಯಿಲ್ಲದೆ ಸಿಕ್ಕಿಬಿದ್ದು ಎಲ್ಲಕ್ಕೂ ಶೇ 18 ಬಿದ್ದರೆ 9 ಲಕ್ಷ, ಅದರ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ, ಜೊತೆಗೆ ದಂಡ. ಆದರೆ ರಾಜಿ ಪದ್ಧತಿಯಲ್ಲಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ಅದು ಸಿಗುವುದೂ ಇಲ್ಲ.

ಮೂರನೆಯದು, ನೋಂದಣಿ ಇದ್ದವರು ವಾರಕ್ಕೊಮ್ಮೆ ಪೋರ್ಟಲ್‌ ತೆರೆದು ನೋಟಿಸಿನ ಪುಟ ನೋಡಬೇಕು. ಅಲ್ಲಿ ಹಾಕಿದ ನೋಟಿಸನ್ನೂ ಕಾಯ್ದೆ ತಲುಪಿದ ನೋಟಿಸೆಂದೇ ಎಣಿಸುತ್ತದೆ. ನೋಂದಣಿಯಲ್ಲಿ ಸ್ವಂತ ಮೊಬೈಲ್ ನಂಬರಿನ ಬದಲು ಲೆಕ್ಕ ಬರೆಯುವವರ ನಂಬರಿದ್ದರೆ ಇವತ್ತೇ ಬದಲಿಸಿ.

ಆದೇಶ ಬಂದೇ ಬಿಟ್ಟರೂ ದಾರಿ ಮುಚ್ಚಿಲ್ಲ. ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿ, ವಿವಾದದ ತೆರಿಗೆಯ ಶೇ 10 ಕಟ್ಟಿದರೆ ಉಳಿದ ಮೊತ್ತದ ವಸೂಲಿ ತಾನಾಗಿ ನಿಲ್ಲುತ್ತದೆ. ತಡವಾದರೆ ಸೂಕ್ತ ಕಾರಣ ಕೊಟ್ಟು ಇನ್ನೊಂದು ತಿಂಗಳು ಕೇಳಬಹುದು, ಅದರಾಚೆ ಮೇಲ್ಮನವಿ ಅಧಿಕಾರಿಗೂ ಕೈ ಕಟ್ಟಿದೆ. ಬಾಕಿ ನಿಜವೇ ಆಗಿದ್ದರೆ 24 ತಿಂಗಳವರೆಗೆ ಕಂತು ಕೇಳಬಹುದು. ಒಂದು ಕಂತು ತಪ್ಪಿದರೂ ಪೂರ್ತಿ ಮೊತ್ತ ಒಮ್ಮೆಲೇ ಕಟ್ಟಬೇಕಾಗುತ್ತದೆ.

ಇಲಾಖೆಯ ಪಾಲೂ ಇದೆ. 2025ರ ಗದ್ದಲದ ಬಳಿಕ ವಾಣಿಜ್ಯ ತೆರಿಗೆ ಇಲಾಖೆ ಜಿಎಸ್‌ಟಿ ತಿಳಿವಳಿಕೆಯ ಸಭೆಗಳನ್ನು ನಡೆಸಿತು. ಅವು ಜಿಲ್ಲಾ ಕೇಂದ್ರದಲ್ಲಿ ಮುಗಿದರೆ ಪ್ರಯೋಜನ ಅರ್ಧ. ಸಂತೆಯ ದಿನ ರೋಣದಲ್ಲಿ, ನರಗುಂದದ ಎಪಿಎಂಸಿ ಅಂಗಳದಲ್ಲಿ, ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅಧಿಕಾರಿಗಳು ಕುಳಿತು ಕನ್ನಡದಲ್ಲೇ ನೋಟಿಸು ಓದಿ ಹೇಳಬೇಕು. ವರ್ತಕರ ಸಂಘಗಳು ಅದನ್ನು ಬರೆದು ಕೇಳಬೇಕು. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಲೆಕ್ಕ ಕೂಡಿಸಿ ಮಿತಿಯ ಯಾವ ಬದಿಗಿದ್ದೇವೆ ಎಂದು ತಿಳಿಯಲು ಒಂದು ಸಂಜೆ ಸಾಕು. ಬ್ಯಾಂಕಿಗೆ ಪತ್ರ ಹೋದ ಮೇಲೆ ಅದೇ ಲೆಕ್ಕವನ್ನು ವಕೀಲರ ಮುಂದೆ, ಅವರ ಶುಲ್ಕ ಕೊಟ್ಟು ಮಾಡಬೇಕಾಗುತ್ತದೆ.