ಸಲಹೆಗಾರನಿಗೆ ಪ್ರತಿಫಲ ಯಾರಿಂದ?

ಹಣದ ವಿಷಯದಲ್ಲಿ ನಾವು ಸಾಮಾನ್ಯವಾಗಿ ಸಲಹೆ ಕೇಳುವುದು ಪರಿಚಿತರಲ್ಲಿ. ಗಲ್ಫ್‌ನಲ್ಲಿ ದುಡಿದು ಮರಳಿದವರಾಗಲಿ, ಬೀಡಿ ಕಟ್ಟಿ ಅಷ್ಟಿಷ್ಟು ಉಳಿಸಿದವರಾಗಲಿ, ಬಲಿಪೂಜೆಯ ನಂತರ ಚರ್ಚ್‌ನ ಅಂಗಳದಲ್ಲಿ ಸಿಗುವ ಬಂಧುವಿನ ಮಾತನ್ನೇ ನಂಬುತ್ತೇವೆ. ಆದರೆ ಸಜ್ಜನಿಕೆ ಬೇರೆ, ತಿಳಿವಳಿಕೆ ಬೇರೆ. ಒಳ್ಳೆಯ ಮನುಷ್ಯನೂ ತಪ್ಪು ದಾರಿ ತೋರಿಸಬಲ್ಲನು.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಈತನಿಗೆ ಪ್ರತಿಫಲ ಯಾರಿಂದ? ವಿಮಾ ಏಜೆಂಟರಿಗೂ ಮ್ಯೂಚುವಲ್ ಫಂಡ್ ವಿತರಕರಿಗೂ ಕಮಿಷನ್ ಸಲ್ಲುವುದು ಕಂಪೆನಿಯಿಂದ. ಅದು ಪಾಪವಲ್ಲ, ಆದರೆ ಮಾರುವವನ ಮಾತನ್ನು ನಿಷ್ಪಕ್ಷಪಾತ ಸಲಹೆಯೆಂದು ಭಾವಿಸಲಾಗದು. ಸೆಬಿಯ 2013ರ ನಿಯಮಾವಳಿಯಂತೆ ನೋಂದಾಯಿತರಾದ ಹೂಡಿಕೆ ಸಲಹೆಗಾರರು ಶುಲ್ಕವನ್ನು ಗ್ರಾಹಕರಿಂದಲೇ ಪಡೆಯುತ್ತಾರೆ. ಅವರ ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ತಾಳೆ ನೋಡಬಹುದು.

ಶುಲ್ಕ ತೆರಲಾರದವರಿಗೂ ದಾರಿಯಿದೆ. ಜಿಲ್ಲೆಯ ಅಗ್ರಣಿ ಬ್ಯಾಂಕ್ ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರದಲ್ಲಿ ಉಳಿತಾಯ, ಸಾಲಗಳ ಕುರಿತು ಉಚಿತ ಮಾರ್ಗದರ್ಶನ ದೊರೆಯುತ್ತದೆ.

ಠೇವಣಿ ಇಡುವಾಗಲೂ ವಿಚಾರಿಸೋಣ. ಬ್ಯಾಂಕ್ ಮುಳುಗಿದರೆ ಠೇವಣಿದಾರನಿಗೆ ವಿಮೆಯ ರಕ್ಷಣೆಯಿದೆ; ಅದರ ಮಿತಿಯನ್ನು 2020ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಅನ್ವಯಿಸದು. ಹೆಚ್ಚು ಬಡ್ಡಿ ಕಂಡಾಗ ಇದನ್ನು ಮರೆಯಬಾರದು.

ಮಗಳ ಮದುವೆಗೋ ಮುಪ್ಪಿನ ಔಷಧಕ್ಕೋ ಕೂಡಿಟ್ಟ ಹಣವಿದು. ಸಹಿ ಹಾಕುವ ಮುನ್ನ ದಾಕ್ಷಿಣ್ಯವಿಲ್ಲದೆ ಕೇಳೋಣ. ಪ್ರಾಮಾಣಿಕನಾದವನು ಪ್ರಶ್ನೆಗೆ ಮುನಿಯುವುದಿಲ್ಲ.