ಅಲಬಾಮಾನಾ? ಅಲ್ಲಿಗ್ಯಾಕೆ?

2021ರ ಏಪ್ರಿಲ್ ತಿಂಗಳು. ನನ್ನ ಮುಂದೆ ಎರಡು ಪ್ರವೇಶಪತ್ರಗಳಿದ್ದವು. ಒಂದು ಅಮೆರಿಕದ ಈಶಾನ್ಯ ಭಾಗದ, ಹೆಸರು ಕೇಳಿದರೆ ಸಾಕು ಜನ ತಲೆದೂಗುವ ಖಾಸಗಿ ವಿಶ್ವವಿದ್ಯಾಲಯದ್ದು. ಎರಡು ವರ್ಷದ ಎಂ.ಎಸ್., ಪೂರ್ತಿ ಖರ್ಚು ನಮ್ಮದೇ. ಇನ್ನೊಂದು ಟಸ್ಕಲೂಸ ಎಂಬ ಊರಿನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದ್ದು. ರಸಾಯನ ವಿಜ್ಞಾನದಲ್ಲಿ ಪಿಎಚ್.ಡಿ., ಶುಲ್ಕ ಇಲ್ಲ, ಪದವಿ ವಿದ್ಯಾರ್ಥಿಗಳಿಗೆ ಲ್ಯಾಬ್ ನಡೆಸಿಕೊಟ್ಟರೆ ತಿಂಗಳಿಗಿಷ್ಟು ಎಂದು ಭತ್ಯೆ.

ಬೆಂಗಳೂರಿನ ಕನ್ಸಲ್ಟೆನ್ಸಿಯವರು ಎರಡನೆಯದನ್ನು ಪಕ್ಕಕ್ಕೆ ಸರಿಸಿ, ‘ಹೆಸರಿರೋ ಕಡೆ ಹೋಗಿ ಮೇಡಂ, ಸಾಲ ಆಮೇಲೆ ತೀರಿಸಬಹುದು’ ಎಂದರು. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದರೆ ಅವರದ್ದು ಒಂದೇ ಮಾತು: ‘ಅಲಬಾಮಾನಾ? ಅಲ್ಲಿಗ್ಯಾಕೆ ಹೋಗ್ತೀಯೆ?’

ಬ್ಯಾಂಕಿನವರು 45 ಲಕ್ಷದ ಸಾಲಕ್ಕೆ ಆಧಾರ ಕೇಳಿದರು. ನಮ್ಮದು ತಿಪಟೂರು ಕಡೆಯ ಹಳ್ಳಿ. ಇರುವುದು ಒಂದು ತೆಂಗಿನ ತೋಟ. ‘ಅಡ ಇಟ್ಟರಾಯ್ತು ಬಿಡಮ್ಮ, ನಿನಗಿಂತ ಅದೇನು ದೊಡ್ಡದಾ’ ಎಂದು ಅಪ್ಪ ಪಹಣಿ ತೆಗೆದುಕೊಂಡು ಬ್ಯಾಂಕಿಗೆ ಹೊರಟ ದಿನ ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ‘ಬೇಡಪ್ಪ, ನಾನು ಅಲಬಾಮಾಗೇ ಹೋಗ್ತೀನಿ’ ಎಂದೆ. ಧೈರ್ಯದಿಂದ ಹೇಳಿದ ಮಾತಲ್ಲ ಅದು. ಮೊದಲ ಒಂದು ವರ್ಷ ಗೆಳತಿಯರು ಎಲ್ಲಿದ್ದೀಯಾ ಅಂತ ಕೇಳಿದರೆ ‘ಅಮೆರಿಕದಲ್ಲಿ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ.

ಲ್ಯಾಬಿನ ಮೊದಲ ದಿನ

ಆಗಸ್ಟ್‌ನಲ್ಲಿ ಬಂದಿಳಿದಾಗ ಮಂಗಳೂರನ್ನು ನೆನಪಿಸುವ ಸೆಕೆ. ಮೊದಲ ಲ್ಯಾಬಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಪರಿಚಯವಾಗಲಿ ಎಂದು ‘ಎಲ್ಲಿಂದ ಬಂದಿದ್ದೀರಿ?’ ಅಂತ ಕೇಳುತ್ತಾ ಹೋದೆ. ಇಲಿನಾಯ್, ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾ, ಮತ್ತೆ ನ್ಯೂಜೆರ್ಸಿ. ಅಲಬಾಮಾದವರೇ ಎಂದು ಕೈ ಎತ್ತಿದವರು ಬೆರಳೆಣಿಕೆ. ನನಗೆ ಅಚ್ಚರಿ. ಚಿಕ್ಕಪ್ಪ ಮೂಗು ಮುರಿದ ಊರಿಗೆ ಚಿಕ್ಕಪ್ಪನ ಊರಿನ ಮಕ್ಕಳೇ ಬಂದು ಕೂತಿದ್ದರು!

ನಿಧಾನವಾಗಿ ವಿಷಯ ತಿಳಿಯಿತು. ಇಲ್ಲಿ ಪದವಿ ಓದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರರಾಜ್ಯದವರು. ಈ ಶತಮಾನದ ಆರಂಭದಲ್ಲಿ ಸುಮಾರು 20 ಸಾವಿರ ಇದ್ದ ವಿದ್ಯಾರ್ಥಿಗಳ ಸಂಖ್ಯೆ ಈಗ 40 ಸಾವಿರದ ಆಸುಪಾಸಿನಲ್ಲಿದೆ. ಇದು ಅಲಬಾಮಾ ಒಂದರ ಕಥೆಯಲ್ಲ. ಜಾರ್ಜಿಯಾ, ಟೆನೆಸ್ಸಿ, ಸೌತ್ ಕ್ಯಾರೊಲಿನಾ, ಮಿಸ್ಸಿಸ್ಸಿಪ್ಪಿ, ಎಲ್ಲ ಕಡೆಯೂ ಉತ್ತರದ ಮಕ್ಕಳ ದಂಡು. ದಕ್ಷಿಣದ ರಾಜ್ಯ ವಿಶ್ವವಿದ್ಯಾಲಯಗಳಿಗೆ ಹೋಗುವ ಉತ್ತರದ ವಿದ್ಯಾರ್ಥಿಗಳ ಸಂಖ್ಯೆ ಎರಡು ದಶಕಗಳಲ್ಲಿ ಶೇ 84ರಷ್ಟು, 2018ರಿಂದ 2022ರ ನಡುವೆಯೇ ಶೇ 30ರಷ್ಟು ಏರಿದೆ ಎಂದು ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ 2024ರಲ್ಲಿ ಸರ್ಕಾರಿ ಅಂಕಿಅಂಶ ಇಟ್ಟುಕೊಂಡು ಬರೆಯಿತು.

ಆಟ, ಬಿಸಿಲು, ರೀಲ್ಸ್

ಯಾಕೆ ಬಂದಿರಿ ಎಂದು ಮಕ್ಕಳನ್ನು ಕೇಳಿದರೆ ಮೊದಲು ಬರುವ ಉತ್ತರ ಫುಟ್‌ಬಾಲ್. ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ಇಲ್ಲಿನ ಬ್ರಯಂಟ್-ಡೆನಿ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಕೂರಬಹುದು. ಪಂದ್ಯದ ಶನಿವಾರ ಇಡೀ ಊರೇ ಜಾತ್ರೆ. ಗುರುತು ಪರಿಚಯ ಇಲ್ಲದವರೂ ಎದುರಾದರೆ ‘ರೋಲ್ ಟೈಡ್’ ಅನ್ನುತ್ತಾರೆ. ತಂಡದ ಜೈಕಾರವೇ ಊರಿನ ನಮಸ್ಕಾರ. ನಿಕ್ ಸೇಬನ್ ಎಂಬ ಕೋಚ್ 2007ರಿಂದ 2024ರ ಜನವರಿಯಲ್ಲಿ ನಿವೃತ್ತರಾಗುವವರೆಗೆ ಆರು ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಪ್ರತಿ ಗೆಲುವೂ ಟಿ.ವಿ.ಯಲ್ಲಿ ವಿಶ್ವವಿದ್ಯಾಲಯಕ್ಕೆ ಪುಕ್ಕಟೆ ಜಾಹೀರಾತು. ಈ ತಂಡಗಳ ಒಕ್ಕೂಟಕ್ಕೆ ‘ಎಸ್‌ಇಸಿ’ ಎಂದು ಹೆಸರು. 2024ರಲ್ಲಿ ಟೆಕ್ಸಸ್, ಓಕ್ಲಹೋಮ ಸೇರಿಕೊಂಡ ಮೇಲೆ 16 ವಿಶ್ವವಿದ್ಯಾಲಯಗಳಾದವು. ಅವುಗಳಲ್ಲಿ ವ್ಯಾಂಡರ್‌ಬಿಲ್ಟ್ ಒಂದನ್ನು ಬಿಟ್ಟರೆ ಉಳಿದ 15ಕ್ಕೆ 15 ಸರ್ಕಾರಿ!

ಬಿಸಿಲೂ ಒಂದು ಕಾರಣ. ತಿಂಗಳುಗಟ್ಟಲೆ ಹಿಮ ಸರಿಸುವವರಿಗೆ ನವೆಂಬರ್‌ನಲ್ಲಿ ಅಂಗಿ ತೋಳು ಮಡಚಿ ಹುಲ್ಲಿನ ಮೇಲೆ ಕೂರುವುದೇ ಸುಖ. ಕೋವಿಡ್ ವರ್ಷದಲ್ಲಿ ಉತ್ತರದ ಹಲವು ಕಾಲೇಜುಗಳು ಆನ್‌ಲೈನ್ ಆದಾಗ ದಕ್ಷಿಣದ ಹಲವು ಕ್ಯಾಂಪಸ್‌ಗಳು ತೆರೆದಿದ್ದವು. ನಾನು ಬಂದ ಆಗಸ್ಟ್‌ನಲ್ಲೇ ಇಲ್ಲಿನ ಹುಡುಗಿಯರು ತಮ್ಮ ಸೊರಾರಿಟಿ ಸೇರುವ ದಿನಗಳ ವಿಡಿಯೊಗಳನ್ನು ಟಿಕ್‌ಟಾಕ್‌ಗೆ ಹಾಕಿ ‘ಬಾಮಾ ರಶ್’ ಎಂದು ದೇಶಕ್ಕೆಲ್ಲ ಹೆಸರಾದರು. ಆಗ ಚಿಕ್ಕಪ್ಪನ ಮಗಳಿಗೆ 14 ವರ್ಷ. ‘ಅಕ್ಕಾ, ನೀನು ಆ ಊರಲ್ಲೇ ಇದ್ದೀಯಾ?’ ಎಂದು ಅವಳು ಕೇಳಿದಾಗ, ನಾನಿರುವ ಊರಿನ ಬಗ್ಗೆ ಒಬ್ಬರು ಮೊದಲ ಸಲ ಹೊಟ್ಟೆಕಿಚ್ಚು ಪಟ್ಟಿದ್ದು ನೋಡಿದೆ.

ಯಾರಿಗೆ ಯಾವ ಲೆಕ್ಕ

ಆದರೆ ಸ್ವಲ್ಪ ಸಲಿಗೆ ಬೆಳೆದ ಮೇಲೆ ಮಕ್ಕಳು ಹೇಳುವ ಕಾರಣ ಬೇರೆ: ದುಡ್ಡು. ದೊಡ್ಡ ಹೆಸರಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಊಟ ವಸತಿ ಸೇರಿ ವರ್ಷದ ಖರ್ಚು 80 ಸಾವಿರ ಡಾಲರ್ ದಾಟಿದೆ. ಅಷ್ಟು ಕೊಡಲು ಸಿದ್ಧರಿದ್ದರೂ ಸೀಟು ಸಿಗುವ ಖಾತ್ರಿ ಇಲ್ಲ. ಹಾರ್ವರ್ಡ್‌ಗೆ ಅರ್ಜಿ ಹಾಕುವ ನೂರು ಮಂದಿಯಲ್ಲಿ ಸುಮಾರು ನಾಲ್ವರಿಗಷ್ಟೇ ಸಿಗುತ್ತದೆ. ಅಲಬಾಮಾದಲ್ಲಿ ಹೈಸ್ಕೂಲಿನ ಜಿಪಿಎ ಮತ್ತು ಎಸ್‌ಎಟಿ ಅಥವಾ ಎಸಿಟಿ ಅಂಕ ಇಷ್ಟಿದ್ದರೆ ಸ್ಕಾಲರ್‌ಶಿಪ್ ಇಷ್ಟು ಎಂದು ಮೊದಲೇ ಪಟ್ಟಿ ಪ್ರಕಟಿಸಿರುತ್ತಾರೆ. ಅರ್ಜಿ ಹಾಕುವ ಮುನ್ನವೇ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು.

ವಿಶ್ವವಿದ್ಯಾಲಯಕ್ಕೂ ಅದರದೇ ಲೆಕ್ಕವಿದೆ. 2008ರ ಆರ್ಥಿಕ ಹಿಂಜರಿತದ ನಂತರ ಹಲವು ರಾಜ್ಯ ಸರ್ಕಾರಗಳು ಉನ್ನತ ಶಿಕ್ಷಣದ ಅನುದಾನ ಕಡಿತ ಮಾಡಿದವು. ಹೊರರಾಜ್ಯದವರಿಗೆ ಇಲ್ಲಿ ಬೋಧನಾ ಶುಲ್ಕ ಸ್ಥಳೀಯರಿಗಿಂತ ಸುಮಾರು ಮೂರು ಪಟ್ಟು. ಸ್ಕಾಲರ್‌ಶಿಪ್ ಪಡೆದು ಬರುವವರು ಸಂಸ್ಥೆಯ ಸರಾಸರಿ ಅಂಕ ಏರಿಸುತ್ತಾರೆ. ಪೂರ್ತಿ ಶುಲ್ಕ ಕೊಟ್ಟು ಬರುವವರು ಖಜಾನೆ ತುಂಬಿಸುತ್ತಾರೆ.

ಇಷ್ಟು ಮಕ್ಕಳು ಬಂದರೆ ಅವರಿಗೆ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್ ನಡೆಸಿಕೊಡಲು ಜನ ಬೇಕಲ್ಲ? ಆ ಜಾಗದಲ್ಲಿ ನಾನಿದ್ದೆ. ನನ್ನ ಶುಲ್ಕ ಮಾಫಿಯಾಗಿದ್ದು, ಅಪ್ಪನ ತೋಟ ಉಳಿದಿದ್ದು ನ್ಯೂಜೆರ್ಸಿ, ಇಲಿನಾಯ್‌ಗಳಿಂದ ಬಂದ ಈ ಮಕ್ಕಳ ದೆಸೆಯಿಂದ. ಇದು ಹೊಳೆದ ದಿನ ‘ಎಲ್ಲಿದ್ದೀಯಾ’ ಎಂದು ಕೇಳಿದವರಿಗೆ ಊರಿನ ಹೆಸರು ಹೇಳಲು ಶುರು ಮಾಡಿದೆ.

ಕಪ್ಪು ಮಣ್ಣಿನ ಹುಡುಗ

ಅದೇ ಲ್ಯಾಬಿನಲ್ಲಿ ಬೆಳಿಗ್ಗೆ ಎಂಟಕ್ಕೆ ನಿದ್ದೆಗಣ್ಣಲ್ಲಿ ಬರುತ್ತಿದ್ದ ಒಬ್ಬ ಹುಡುಗನಿದ್ದ. ಅಲಬಾಮಾದವನೇ. ನಮ್ಮ ಎರೆ ಸೀಮೆಯಂತೆ ಇಲ್ಲೂ ಕಪ್ಪು ಮಣ್ಣಿನ ಪ್ರದೇಶವೊಂದಿದೆ, ‘ಬ್ಲ್ಯಾಕ್ ಬೆಲ್ಟ್’ ಅನ್ನುತ್ತಾರೆ. ಹಿಂದೆ ಗುಲಾಮರಿಂದ ಹತ್ತಿ ಬೆಳೆಸುತ್ತಿದ್ದ ನೆಲ, ಇಂದಿಗೂ ಬಡತನ ಹೆಚ್ಚು. ಅಲ್ಲಿಂದ ಬಂದ ಈ ಹುಡುಗ ರಾತ್ರಿ ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸಿ, ಬೆಳಿಗ್ಗೆ ಕ್ಲಾಸಿಗೆ ಬರುತ್ತಿದ್ದ. ಒಮ್ಮೆ ಪ್ರಯೋಗ ಮುಗಿಸಿ ಗಾಜಿನ ಸಾಮಾನು ತೊಳೆಯುತ್ತಾ ಹೇಳಿದ: ‘ಮ್ಯಾಮ್, ನಮ್ಮೂರು ಇಲ್ಲಿಂದ ಒಂದೂವರೆ ಗಂಟೆ. ಆದರೂ ದೂರದಿಂದ ಬಂದವರಿಗೇ ಇಲ್ಲಿ ನನಗಿಂತ ಹೆಚ್ಚು ಪರಿಚಯ.’

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇದೇ ಕ್ಯಾಂಪಸ್ಸಿನ ಫಾಸ್ಟರ್ ಆಡಿಟೋರಿಯಂ ಬಾಗಿಲಲ್ಲಿ 1963ರ ಜೂನ್ 11ರಂದು ಗವರ್ನರ್ ಜಾರ್ಜ್ ವಾಲೇಸ್ ಅಡ್ಡ ನಿಂತಿದ್ದರು, ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ಒಳಗೆ ಹೋಗದಂತೆ. ಅಧ್ಯಕ್ಷ ಕೆನಡಿ ಮಧ್ಯಪ್ರವೇಶಿಸಿದ ಮೇಲೆ ಅವರು ಸರಿದರು. ಮಲೋನ್ 1965ರಲ್ಲಿ ಪದವಿ ಪಡೆದರು, ಇಲ್ಲಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರೇ. ಈಗ ಬಾಗಿಲು ಎಲ್ಲರಿಗೂ ತೆರೆದಿದೆ. ಆದರೂ ರಾಜ್ಯದ ವಿಶ್ವವಿದ್ಯಾಲಯ ಮೊದಲು ಯಾರಿಗಾಗಿ ಇರಬೇಕು, ಸ್ಕಾಲರ್‌ಶಿಪ್ ಹಣ ಹೊರಗಿನ ಜಾಣರಿಗೋ ಒಳಗಿನ ಬಡವರಿಗೋ ಎಂಬ ಚರ್ಚೆ ಅಮೆರಿಕದಲ್ಲಿ ನಡೆದೇ ಇದೆ. ಜಾರ್ಜಿಯಾ 1993ರಲ್ಲಿ ಲಾಟರಿ ಹಣದಿಂದ ‘ಹೋಪ್’ ಸ್ಕಾಲರ್‌ಶಿಪ್ ಶುರುಮಾಡಿ ತನ್ನ ಮಕ್ಕಳನ್ನು ತನ್ನಲ್ಲೇ ಉಳಿಸಿಕೊಂಡಿತು. ಟೆಕ್ಸಸ್ 1997ರಲ್ಲಿ, ಪ್ರತಿ ಹೈಸ್ಕೂಲಿನ ಮೊದಲ ಶೇ 10ರಷ್ಟು ಮಕ್ಕಳಿಗೆ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಎಂದು ಕಾನೂನು ಮಾಡಿತು. ಬೇಡಿಕೆ ಎಷ್ಟು ಏರಿದೆಯೆಂದರೆ, ಆಸ್ಟಿನ್ ಕ್ಯಾಂಪಸ್ಸಿಗೆ 2026ರಿಂದ ಆ ಮಿತಿ ಶೇ 5ಕ್ಕೆ ಇಳಿದಿದೆ. ‘ಸುಲಭವಾಗಿ ಸಿಗುತ್ತೆ’ ಎಂದು ಎಲ್ಲರೂ ನುಗ್ಗಿದರೆ ಸುಲಭ ಉಳಿಯುವುದಿಲ್ಲ.

ತಂಗಿಗೆ ಹೇಳಿದ್ದು

2024ರ ಕೊನೆಯಲ್ಲಿ ಚಿಕ್ಕಪ್ಪನ ಫೋನ್ ಬಂತು. ದನಿಯಲ್ಲಿ ಗಾಬರಿ. ‘ನಿನ್ನ ತಂಗಿ ಎಂಜಿನಿಯರಿಂಗ್‌ಗೆ ಅಲಬಾಮಾ ಅಂತ ಹಟ ಹಿಡಿದಿದ್ದಾಳೆ. ನೀನು ಹೇಳಿದ್ರೆ ಕೇಳ್ತಾಳೆ, ಬೇಡ ಅನ್ನು.’

ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಬಾ ಅನ್ನಲೂ ಇಲ್ಲ. ಅವಳಿಗೆ ಎಲ್ಲ ಹೇಳಿದೆ. ಮೊದಲ ವರ್ಷ ಕೆಲವು ತರಗತಿಗಳಲ್ಲಿ ನೂರಾರು ಜನ ಇರುತ್ತಾರೆ, ನೀನಾಗಿ ಹೋಗಿ ಮಾತಾಡಿಸದಿದ್ದರೆ ಪ್ರೊಫೆಸರಿಗೆ ನಿನ್ನ ಹೆಸರೂ ಗೊತ್ತಾಗಲ್ಲ. ಸ್ಕಾಲರ್‌ಶಿಪ್ ಉಳಿಯಬೇಕಾದರೆ ಪ್ರತಿವರ್ಷ ಜಿಪಿಎ ಕಾಯ್ದುಕೊಳ್ಳಬೇಕು. ವಸಂತದಲ್ಲಿ ಸುಂಟರಗಾಳಿಯ ಸೈರನ್ ಕೂಗುತ್ತದೆ. 2011ರ ಏಪ್ರಿಲ್ 27ರ ಸುಂಟರಗಾಳಿಯನ್ನು ಈ ಊರು ಇನ್ನೂ ಮರೆತಿಲ್ಲ. ರಾಜ್ಯದ ರಾಜಕೀಯ, ಕಾನೂನುಗಳು ನಿಮ್ಮ ನ್ಯೂಜೆರ್ಸಿಯಂತಿಲ್ಲ, ಅವನ್ನೂ ಓದಿಕೊಂಡು ಬಾ. ಇನ್ನೊಂದು ಕಡೆ, ವ್ಯಾನ್ಸ್‌ನಲ್ಲಿ ಮರ್ಸಿಡಿಸ್ ಕಾರು ಕಾರ್ಖಾನೆ ಇದೆ, ಹಂಟ್ಸ್‌ವಿಲ್‌ನಲ್ಲಿ ನಾಸಾದ ಮಾರ್ಷಲ್ ಕೇಂದ್ರ ಇದೆ. ವಿಡಿಯೊ ನೋಡಿ ಬರಬೇಡ. ಯಾವ ವಿಭಾಗ, ಅಲ್ಲಿಂದ ಮಕ್ಕಳು ಎಲ್ಲಿ ಕೆಲಸಕ್ಕೆ ಸೇರಿದ್ದಾರೆ ಅಂತ ನೋಡಿ ಬಾ.

ಅವಳು ಒಂದು ಎಕ್ಸೆಲ್ ಶೀಟ್ ಕಳಿಸಿದಳು. ಅವಳಿಗೆ ಸೀಟು ಕೊಟ್ಟ ಖಾಸಗಿ ವಿಶ್ವವಿದ್ಯಾಲಯ, ಮನೆ ಹತ್ತಿರದ ರಟ್ಗರ್ಸ್, ಅಲಬಾಮಾ. ಮೂರರ ನಾಲ್ಕು ವರ್ಷದ ಖರ್ಚು ಅಕ್ಕಪಕ್ಕ. ಸ್ಕಾಲರ್‌ಶಿಪ್ ಕಳೆದ ಮೇಲೆ ಅಲಬಾಮಾದ ಮೊತ್ತ ಖಾಸಗಿಯದರ ಅರ್ಧಕ್ಕಿಂತ ಕಡಿಮೆ, ರಟ್ಗರ್ಸ್‌ಗಿಂತಲೂ ಒಂದಿಷ್ಟು ಕಮ್ಮಿ. ಕೊನೆಯ ಸಾಲಿನಲ್ಲಿ ಬರೆದಿದ್ದಳು: ‘ಸಾಲ: ಸೊನ್ನೆ.’ ಅದನ್ನು ನೋಡಿ ನನಗೆ ಅಪ್ಪನ ಕೈಯಲ್ಲಿದ್ದ ಪಹಣಿ ನೆನಪಾಯಿತು.

ನಮ್ಮ ಪಾಲಿಗೆ

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ವಿದೇಶಕ್ಕೆ ಅರ್ಜಿ ಹಾಕುವ ತಯಾರಿಯಲ್ಲಿರಬಹುದು. ಎಲ್ಲರೂ ಅಲಬಾಮಾಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಇಲ್ಲಿನ ಪದವಿ ಮಕ್ಕಳ ಸ್ಕಾಲರ್‌ಶಿಪ್ ಬೇರೆ, ಎಂ.ಎಸ್., ಪಿಎಚ್.ಡಿ.ಗೆ ಬರುವ ನಮ್ಮ ದಾರಿ ಬೇರೆ. ಆದರೆ ಪ್ರವೇಶಪತ್ರ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಶುಲ್ಕ ಯಾರು ಕಟ್ಟುತ್ತಾರೆ? ಅಸಿಸ್ಟೆಂಟ್‌ಶಿಪ್ ಎಷ್ಟು ವರ್ಷಕ್ಕೆ ಎಂದು ಪತ್ರದಲ್ಲಿ ಬರೆದಿದೆಯೇ? ನಿಮ್ಮ ವಿಭಾಗದಲ್ಲಿ ಈಗ ಓದುತ್ತಿರುವ ಒಬ್ಬರ ಜತೆ ಮಾತಾಡಿದ್ದೀರಾ? ‘ಹೆಸರಿದೆ’ ಎನ್ನುವ ಕನ್ಸಲ್ಟೆನ್ಸಿ ನಿಮ್ಮ ಸಾಲದ ಕಂತು ಕಟ್ಟುವುದಿಲ್ಲ.

ಇನ್ನೊಂದು ಮಾತು. ಎಂ.ಎಸ್ಸಿ. ಮಾಡಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ‘ಸರ್ಕಾರಿ ಯೂನಿವರ್ಸಿಟಿನಾ?’ ಎಂದು ಆಗಲೂ ಕೆಲವರು ಮೂಗೆಳೆದಿದ್ದರು. ಆ ಲ್ಯಾಬಿನಲ್ಲಿ ಕಲಿತ ಟೈಟ್ರೇಷನ್ನೇ ಇಲ್ಲಿ ನ್ಯೂಜೆರ್ಸಿಯ ಮಕ್ಕಳಿಗೆ ಹೇಳಿಕೊಟ್ಟೆ. ಜಗತ್ತಿನ ಶ್ರೀಮಂತ ದೇಶದ ಉಳ್ಳವರ ಮಕ್ಕಳು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸಾಲುಗಟ್ಟಿ ಬರುವಾಗ, ನಾವು ನಮ್ಮವನ್ನು ಕಣ್ಣೆತ್ತಿಯೂ ನೋಡದೆ ಲಕ್ಷಗಟ್ಟಲೆ ಕೊಟ್ಟು ಬೇರೆಡೆ ಸೇರುವುದು ಯಾವ ಲೆಕ್ಕ?

ಕಳೆದ ಆಗಸ್ಟ್‌ನಲ್ಲಿ ತಂಗಿ ಟಸ್ಕಲೂಸಕ್ಕೆ ಬಂದಳು. ಚಿಕ್ಕಪ್ಪ, ಚಿಕ್ಕಮ್ಮ ಕಾರಿನಲ್ಲಿ ಎರಡು ದಿನ ಪ್ರಯಾಣ ಮಾಡಿ ಬಿಡಲು ಬಂದಿದ್ದರು. ಚಿಕ್ಕಮ್ಮ ಚಟ್ನಿಪುಡಿ ಡಬ್ಬಿಗಳನ್ನು ಹಾಸ್ಟೆಲ್ ಕೋಣೆಯ ಪುಟ್ಟ ಕಪಾಟಿನಲ್ಲಿ ಜೋಡಿಸುತ್ತಿದ್ದರೆ, ಚಿಕ್ಕಪ್ಪ ಬೆವರು ಒರೆಸಿಕೊಳ್ಳುತ್ತಾ ಹೊರಗೆ ನಿಂತಿದ್ದರು. ತಲೆ ಮೇಲೆ ವಿಶ್ವವಿದ್ಯಾಲಯದ ಕಡುಗೆಂಪು ಟೋಪಿ! ಎದುರಿಗೆ ಬಂದ ಹಿರಿಯರೊಬ್ಬರು ‘ರೋಲ್ ಟೈಡ್’ ಎಂದರು. ಚಿಕ್ಕಪ್ಪ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: ‘ಇದಕ್ಕೆ ವಾಪಸ್ ಏನು ಹೇಳ್ಬೇಕೆ?’

‘ಅದನ್ನೇ ಹೇಳಿ ಚಿಕ್ಕಪ್ಪ’ ಎಂದೆ.